ತೆಗ್ಗು

ವಾಸ್ಕೋದಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ.
ಬೆಳಿಗ್ಗೆ ಕಿಟಕಿ ಒರೆಸಿದ ಬಟ್ಟೆ ಮಧ್ಯಾಹ್ನಕ್ಕೇ ಕಪ್ಪು;
ಬಂದರಿನ ಕಲ್ಲಿದ್ದಲು ಬಾಗಿಲು ತಟ್ಟಿ ಬರುವುದಿಲ್ಲ.
ಇಲ್ಲಿ ನಾನು ದವಡೆಗಳ ಚಿತ್ರ ತೆಗೆಯುತ್ತೇನೆ,
ಹನ್ನೊಂದು ವರ್ಷದಿಂದ.

ಬಂದವರು ಕ್ರೇನ್ ನಡೆಸುವ ಸಂಗನಬಸಪ್ಪ ತೆಗ್ಗಿನಮನಿ,
ವಯಸ್ಸು ಐವತ್ತಾರು, ಊರು ಮಂಗೋರ್ ಹಿಲ್.
ಅದಕ್ಕೂ ಹಿಂದಿನ ಊರಿಗೆ ಫಾರ್ಮಿನಲ್ಲಿ ಕಾಲಂ ಇಲ್ಲ.
ಮೇಲಿನ ಹಲ್ಲೊಂದು ಕೀಳಿಸಬೇಕಿತ್ತು, ಅಷ್ಟೇ.
ಕೊಂಕಣಿಯಲ್ಲಿ ಶುರುಮಾಡಿ, ನನ್ನ ಹೆಸರುಪಟ್ಟಿ ಓದಿ
"ನಮ್ಮ ಕಡಿಯವರೇನ್ರಿ?" ಅಂದರು.

"ಗದ್ದ ಇಲ್ಲಿಡ್ರಿ. ಈ ಕಡ್ಡಿ ಮುಂದಿನ ಹಲ್ಲಾಗ ಕಚ್ಚಿ ಹಿಡೀರಿ.
ನಾಲಿಗಿ ಮ್ಯಾಲ ಒತ್ರಿ. ಅಲುಗಾಡಬ್ಯಾಡ್ರಿ."
ಯಂತ್ರ ಅವರ ತಲೆಯ ಸುತ್ತ ಗಾಣದ ಎತ್ತಿನ ಹಾಗೆ
ಒಂದು ಸುತ್ತು ಬಂದು ನಿಂತಿತು.
ನಲವತ್ತು ಟನ್ನು ಎತ್ತುವ ಕೈ
ಹಿಡಿಕೆಯ ಮೇಲೆ ಬೆವರಿನ ಗುರುತು ಬಿಟ್ಟಿತ್ತು.

ಪರದೆಯ ಮೇಲೆ ದವಡೆ ಬಿಚ್ಚಿಕೊಂಡಿತು,
ಲಾಳವನ್ನು ಬಡಿದು ನೆಟ್ಟಗೆ ಮಾಡಿದಂತೆ.
ಎಡಗಡೆ, ಮೂಲೆ ತಿರುಗುವಲ್ಲಿ,
ನರ ಹಾಯುವ ಕಾಲುವೆಯ ಕೆಳಗೆ
ದೊಡ್ಡ ಹುಣಸೆಬೀಜದಷ್ಟು ಕಪ್ಪು.

ಮೂಳೆ ಇರಬೇಕಾದಲ್ಲಿ ಮೂಳೆ ಇಲ್ಲ.

"ಏನರ ಐತೇನ್ರಿ?"
"ಡಾಕ್ಟರ್ ಹೇಳ್ತಾರ್ರಿ."
ಈ ಮಾತು ನನಗೆ ಮೂರು ಭಾಷೆಯಲ್ಲಿ ಬರುತ್ತದೆ,
ಮೂರರಲ್ಲೂ ಅದು ಕೆಟ್ಟ ಸುದ್ದಿಯಂತೆಯೇ ಕೇಳಿಸುತ್ತದೆ.

ಆದರೂ ನಾನು ಅಂಚು ನೋಡಿದ್ದೆ.
ಹಿಂದಿನ ಚೌತಿಯ ಹೊತ್ತಿಗೆ ಬಂದ ಬಾರ್ಜಿನ ಖಲಾಸಿಯ ದವಡೆಯಲ್ಲಿ
ಎಲ್ಲಿ ಮೂಳೆ ಮುಗಿಯಿತು ಎಲ್ಲಿ ರೋಗ ಶುರುವಾಯಿತು
ಬೆರಳಿಟ್ಟು ತೋರಿಸಲಾಗಿರಲಿಲ್ಲ;
ಗೆದ್ದಲು ಅಂಚು ಕಟ್ಟಿಕೊಂಡು ತಿನ್ನುವುದಿಲ್ಲ.
ಎರಡನೇ ಚಿತ್ರಕ್ಕೆ ಅವನು ಬರಲಿಲ್ಲ.
ಇಲ್ಲಿ ಮಾತ್ರ ಕಪ್ಪಿನ ಸುತ್ತ ಬಿಳಿ ದಾರ,
ಕೌದಿಯ ಅಂಚು ಮಡಚಿ ಹೊಲಿದ ಹಾಗೆ.

ಡಾಕ್ಟರ್ ಆಲ್ಸಿನಾ ಬರೆಟೊ ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ನೋಡಿದರು.
"ಅದೇ ಇರಬೇಕು. ಆದರೆ ಚಪ್ಪಟೆ ಚಿತ್ರಕ್ಕೆ ಆಳ ಗೊತ್ತಿಲ್ಲ.
ಮಡಗಾಂವಿಗೆ ಕಳಿಸು, ಸ್ಕ್ಯಾನಿಗೆ."

ಐದು ದಿನ.
ಐದು ದಿನದಲ್ಲಿ ಅವರು ಪಿಎಫ್ ಪುಸ್ತಕ ಹುಡುಕಿದರಂತೆ,
ಹನ್ನೆರಡು ವರ್ಷದ ಹಿಂದೆ ಬಿಟ್ಟ ತಂಬಾಕಿನ
ಚೀಟು ಚೀಟಿಗೂ ಲೆಕ್ಕ ಹಾಕಿದರಂತೆ,
ಹೆಂಡತಿಯ ತಮ್ಮನಿಗೆ ಹಳೆಯ ಸಾಲ ಮಾಫಿ ಮಾಡಿದರಂತೆ.
(ಆಮೇಲೆ ವಾಪಸು ಕೇಳಿದ್ದಾರೆ.)

ಸ್ಕ್ಯಾನು ದವಡೆಯನ್ನು ಹೋಳು ಹೋಳು ಮಾಡಿ ತೋರಿಸಿತು.
ಮುಚ್ಚಿದ ಗುಳ್ಳೆಯಲ್ಲ ಅದು;
ಹೊರಗೋಡೆ ಗಟ್ಟಿ, ನಾಲಿಗೆಯ ಕಡೆಗೆ ಬಾಯಿ,
ಹಳೆಯ ಗೋಡೆಯಲ್ಲಿ ಹಣತೆ ಇಡುವ ಮಾಡದಂತೆ.
ಒಳಗೆ ಕೂತಿದ್ದು ಉಗುಳಿನ ಗ್ರಂಥಿಯ ಒಂದು ತುಣುಕು.
ಎಂದೋ ಅದು ಒರಗಿದೆ,
ಮೂಳೆ ಸರಿದು ಜಾಗ ಕೊಟ್ಟಿದೆ.
ಹುಟ್ಟಾ ಬಂದದ್ದೋ, ನಡುವಯಸ್ಸಿನಲ್ಲೋ?
ಪುಸ್ತಕಗಳಿಗೇ ಒಮ್ಮತವಿಲ್ಲ ಎಂದರು ಡಾಕ್ಟರು.

ಅವರ ಕೊಂಕಣಿಯನ್ನು ನಾನು ಕನ್ನಡಕ್ಕೆ ತಂದೆ:
ಚಾಕು ಬ್ಯಾಡ, ಗುಳಿಗಿ ಬ್ಯಾಡ, ಮುಂದಿನ ವರ್ಷ ಇನ್ನೊಂದು ಚಿತ್ರ.
ಸಂಗನಬಸಪ್ಪ ನಗಲಿಲ್ಲ. ದವಡೆಯ ಕೆಳಗೆ ಬೆರಳಾಡಿಸಿ
"ಹೊರಗಿಂದ ಏನೂ ಸಿಗಂಗಿಲ್ಲಲ್ರಿ" ಅಂದರು,
ಸ್ವಲ್ಪ ಮೋಸಹೋದವರಂತೆ.
ಆಮೇಲೆ, ಚಪ್ಪಲಿ ಮೆಟ್ಟುತ್ತ:
"ಅಡ್ಡಹೆಸರು ನೋಡ್ರಿ, ತೆಗ್ಗಿನಮನಿ.
ಮನಿ ನಾ ಕಂಡೇ ಇಲ್ಲ, ನಮ್ಮಜ್ಜ ಮಾರಿದ್ದ.
ತೆಗ್ಗೊಂದು ಕೂಡ ಬಂದೈತಿ."

ವರ್ಷ ಕಳೆದು ಮತ್ತೆ ಬಂದರು. ಮೇಲಿನ ಹಲ್ಲು ಹೋಗಿತ್ತು.
ಎರಡು ಚಿತ್ರ ಪಕ್ಕಪಕ್ಕ ಇಟ್ಟು ಅಳತೆಗೆರೆ ಎಳೆದೆ.
ಹದಿಮೂರು ಮಿಲಿಮೀಟರ್.
ಹದಿಮೂರು.
ಈ ಸಲ ಡಾಕ್ಟರಿಗಾಗಿ ಕಾಯಲಿಲ್ಲ, ನಾನೇ ಹೇಳಿಬಿಟ್ಟೆ.
"ಇರಲಿ ಬಿಡ್ರಿ, ಅದೂ ಎಲ್ಲಿಗೆ ಹೋಗಬೇಕು" ಅಂದು
ಪಾಳಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದರು.

ದಾಖಲೆಯಲ್ಲಿ ಬರೆದೆ: ಎಡಗಡೆ. ಮೊದಲಿನಷ್ಟೇ.
ಫೋಲ್ಡರು ಮುಚ್ಚುವಾಗ ಕಣ್ಣು ಒಂದು ಸಾಲು ಕೆಳಗಿಳಿಯಿತು.
ಖಲಾಸಿಯ ಹೆಸರಿನಲ್ಲಿ
ಇನ್ನೂ ಒಂದೇ ಚಿತ್ರ.